ನಿಂತು ಗಿಟಾರ್ ನುಡಿಸುವುದು ಹೇಗೆ? ಬೆಲ್ಟಿನ ಅಳತೆಯಿಂದ ವೇದಿಕೆಯವರೆಗೆ

ಕುರ್ಚಿಯಲ್ಲಿ ಕೂತಾಗ ಸಲೀಸಾಗಿ ಬರುವ ಕಾರ್ಡ್‌ಗಳು (ಹಲವು ತಂತಿಗಳನ್ನು ಒತ್ತಿ ಒಟ್ಟಿಗೆ ಮೀಟುವ ಸ್ವರಗುಚ್ಛಗಳು) ಎದ್ದು ನಿಂತ ಕೂಡಲೇ ಯಾಕೆ ಕೈತಪ್ಪುತ್ತವೆ? ಗಿಟಾರ್ ಕಲಿಯುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮಂಗಳೂರು, ಉಡುಪಿ ಕಡೆ ಈ ಪ್ರಶ್ನೆ ಸ್ವಲ್ಪ ಬೇಗನೇ ಬರುತ್ತದೆ. ಇಗರ್ಜಿಯ ಗಾಯನ ವೃಂದ, ರೋಸ್ ಮನೆ (ಕ್ರೈಸ್ತರ ಮದುವೆಯ ಮುಂಚಿನ ಸಮಾರಂಭ), ಕಾಲೇಜಿನ ವಾರ್ಷಿಕೋತ್ಸವ, ಮಣಿಪಾಲದ ಹಾಸ್ಟೆಲ್ ಕಾರ್ಯಕ್ರಮ ಎಂದು ನಾಲ್ಕು ಕಾರ್ಡ್ ಬಂದವರನ್ನೂ ಇಲ್ಲಿ ಯಾರಾದರೂ ಎಬ್ಬಿಸಿ ನಿಲ್ಲಿಸುತ್ತಾರೆ.

ಕೂತಾಗ ಗಿಟಾರಿನ ಭಾರವನ್ನು ತೊಡೆ ಹೊರುತ್ತದೆ. ನಿಂತಾಗ ತೊಡೆ ಇಲ್ಲ. ಬೆಲ್ಟ್ ಸರಿಯಾಗಿಲ್ಲದಿದ್ದರೆ ಆ ಭಾರ ಎಡಗೈಗೆ ಬರುತ್ತದೆ. ಗಿಟಾರಿನ ಕತ್ತನ್ನು ಎತ್ತಿ ಹಿಡಿಯುವ ಕೈ ಅದೇ ಹೊತ್ತಿಗೆ ಕಾರ್ಡ್ ಬದಲಿಸಲಾರದು. ದೇವಸ್ಥಾನದ ಉತ್ಸವದಲ್ಲಿ ನಿಂತು ಚೆಂಡೆ ಬಾರಿಸುವವರನ್ನು ಗಮನಿಸಿ. ಚೆಂಡೆಯ ಭಾರವೆಲ್ಲ ಹೆಗಲ ಪಟ್ಟಿಯ ಮೇಲೆ, ಎರಡೂ ಕೈ ಪೂರ್ತಿ ಖಾಲಿ. ಗಿಟಾರಿನಲ್ಲೂ ನಮಗೆ ಬೇಕಾದದ್ದು ಅಷ್ಟೇ: ಕೂತಾಗ ಗಿಟಾರ್ ಇರುವ ಎತ್ತರದಲ್ಲೇ, ಅದೇ ಓರೆಯಲ್ಲೇ ಬೆಲ್ಟ್ ಅದನ್ನು ಹಿಡಿದಿಡಬೇಕು. ಮುಂದೆ ಬರುವ ಹಂತಗಳೆಲ್ಲ ಇದಕ್ಕಾಗಿಯೇ. ವಿವರಣೆ ಬಲಗೈಯಿಂದ ಮೀಟುವವರಿಗೆ. ಎಡಗೈ ಗಿಟಾರಿನವರು ಎಡ ಬಲ ಅದಲು ಬದಲು ಮಾಡಿಕೊಳ್ಳಿ.

ಏನೇನು ಬೇಕು

ಮೊದಲು ಸ್ಟ್ರ್ಯಾಪ್. ಅಂಗಡಿಯಲ್ಲಿ ಗಿಟಾರ್ ಬೆಲ್ಟ್ ಎಂದರೂ ಇದನ್ನೇ ಕೊಡುತ್ತಾರೆ. ಮಾಮೂಲಿ ಅಗಲ 5 ಸೆಂ.ಮೀ. ಅಕೌಸ್ಟಿಕ್ ಗಿಟಾರ್ ಸುಮಾರು 2 ಕೆ.ಜಿ. ತೂಗುತ್ತದೆ, ಅದಕ್ಕೆ ಇಷ್ಟು ಸಾಕು. ಸ್ಟ್ರ್ಯಾಟೊಕ್ಯಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಸುಮಾರು ಮೂರೂವರೆ ಕೆ.ಜಿ. ಇರುತ್ತದೆ, ಲೆಸ್ ಪಾಲ್ ಮಾದರಿ 4 ಕೆ.ಜಿ. ದಾಟುವುದುಂಟು. ಅಂಥ ಗಿಟಾರಿಗೆ 7–8 ಸೆಂ.ಮೀ. ಅಗಲದ ಬೆಲ್ಟ್ ಕೊಳ್ಳಿ. ಅಗಲ ಹೆಚ್ಚಿದಷ್ಟು ಭಾರ ಹೆಗಲ ಮೇಲೆ ಹರಡುತ್ತದೆ, ಒಂದೇ ಕಡೆ ಕೊರೆಯುವುದಿಲ್ಲ.

ಬಟ್ಟೆಯ ವಿಚಾರದಲ್ಲಿ ಕರಾವಳಿಯವರು ಸ್ವಲ್ಪ ಯೋಚಿಸಬೇಕು. ತೆಳು ನೈಲಾನ್ ಬೆಲ್ಟ್ ಅಗ್ಗ, ಬೇಗ ಒಣಗುತ್ತದೆ. ಆದರೆ ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬೆವತ ಅಂಗಿಯ ಮೇಲೆ ಜಾರುತ್ತದೆ. ಚರ್ಮದ ಬೆಲ್ಟ್ ಹಿಡಿತ ಚೆನ್ನಾಗಿದ್ದರೂ ಮಳೆಗಾಲದಲ್ಲಿ ಎರಡು ವಾರ ಬ್ಯಾಗಿನೊಳಗೇ ಬಿಟ್ಟರೆ ಬೂಸ್ಟು ಹಿಡಿಯುತ್ತದೆ. ಇಲ್ಲಿಯ ಹವೆಗೆ ದಪ್ಪ ಹತ್ತಿಯ ಬೆಲ್ಟ್, ಎರಡು ತುದಿಗಳಲ್ಲಿ ಮಾತ್ರ ಚರ್ಮ ಇರುವಂಥದ್ದು, ಎಲ್ಲಕ್ಕಿಂತ ಒಳ್ಳೆಯದು. ಹಿಡಿತವಿದೆ, ಒಗೆಯಬಹುದು, ಬೆಲೆಯೂ ಕಮ್ಮಿ.

ಎರಡನೆಯದು ಸ್ಟ್ರ್ಯಾಪ್ ಬಟನ್, ಅಂದರೆ ಬೆಲ್ಟಿನ ತುದಿಯ ತೂತನ್ನು ಸಿಕ್ಕಿಸುವ ಗುಂಡಿ. ಎಲೆಕ್ಟ್ರಿಕ್ ಗಿಟಾರಿಗೆ ಎರಡೂ ಬಂದೇ ಇರುತ್ತವೆ. ಕಡಿಮೆ ಬೆಲೆಯ ಅಕೌಸ್ಟಿಕ್‌ಗಳಲ್ಲಿ ಹೆಚ್ಚಾಗಿ ಬುಡದಲ್ಲಿ ಒಂದೇ ಗುಂಡಿ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರುಗಳಲ್ಲಿ ಸಾಮಾನ್ಯವಾಗಿ ಒಂದೂ ಇರುವುದಿಲ್ಲ. ಕೊಳ್ಳುವ ಮುಂಚೆ ಗಿಟಾರನ್ನು ತಿರುಗಿಸಿ ನೋಡಿ.

ಇವಲ್ಲದೆ ಒಂದು ಕನ್ನಡಿ ಅಥವಾ ಮೊಬೈಲ್ ಕ್ಯಾಮೆರಾ, ಒಂದು ಮೆಟ್ರೊನೋಮ್ (ತಾಳದ ಗಡಿಯಾರ, ಮೊಬೈಲಿನಲ್ಲಿ ಉಚಿತವಾಗಿ ಸಿಗುತ್ತದೆ) ಇದ್ದರೆ ಸಾಕು.

ಹಂತ 1: ಎರಡನೇ ಗುಂಡಿ ಇಲ್ಲದಿದ್ದರೆ

ಎರಡು ದಾರಿಗಳಿವೆ. ಸುಲಭದ್ದು, ಬೆಲ್ಟಿನ ಮೇಲ್ತುದಿಯನ್ನು ಹೆಡ್‌ಸ್ಟಾಕಿಗೆ (ಶ್ರುತಿ ಮಾಡಲು ತಿರುಗಿಸುವ ಕಿವಿಗಳಿರುವ ತಲೆಭಾಗ) ಗಟ್ಟಿ ದಾರದಿಂದ ಕಟ್ಟುವುದು. ದಾರ ಹೋಗಬೇಕಾದ್ದು ನಟ್ಟಿನ ಆಚೆ, ತಂತಿಗಳ ಅಡಿಯಿಂದ, ಮೊದಲ ಜೋಡಿ ಕಿವಿಗಳಿಗಿಂತ ಈಚೆ. ನಟ್ ಎಂದರೆ ತಂತಿಗಳು ಹಾದುಹೋಗುವ ಬಿಳಿ ಅಥವಾ ಕಪ್ಪು ಪಟ್ಟಿ. ದಾರವನ್ನು ತಂತಿಗಳ ಮೇಲಿಂದ ಸುತ್ತಿದರೆ ಶ್ರುತಿ ನಿಲ್ಲುವುದಿಲ್ಲ. ಈ ವಿಧಾನದಲ್ಲಿ ಮರ ಕೊರೆಯುವ ಕೆಲಸವಿಲ್ಲ. ಆದರೆ ಮೊದಲ ಎರಡು ಫ್ರೆಟ್‌ಗಳಲ್ಲಿ (ಕತ್ತಿನ ಮೇಲಿನ ಅಡ್ಡ ಲೋಹಪಟ್ಟಿಗಳು) ಕೈ ಬೆಲ್ಟಿಗೆ ತಾಗುತ್ತದೆ, ಗಿಟಾರ್ ಕೂಡ ಸ್ವಲ್ಪ ಸರಿದು ನಿಲ್ಲುತ್ತದೆ. ಒಂದೆರಡು ತಿಂಗಳು ಪ್ರಯತ್ನಿಸಿ ನೋಡಲು ಇದು ಸರಿ. ಮುಂದೆಯೂ ನಿಂತು ನುಡಿಸುವುದೇ ಹೆಚ್ಚೆಂದಾದರೆ ಗುಂಡಿ ಹಾಕಿಸುವುದೇ ಮೇಲು.

ಗುಂಡಿ ಹಾಕುವ ಜಾಗ ಹೀಲ್, ಅಂದರೆ ಕತ್ತು ಮೈಗೆ ಸೇರುವಲ್ಲಿರುವ ದಪ್ಪ ಮರದ ಹಿಮ್ಮಡಿ. ಅದರ ಕೆಳಬದಿಯ ಮಗ್ಗುಲಿಗೆ, ಅಂದರೆ ನುಡಿಸುವಾಗ ನೆಲದ ಕಡೆ ಇರುವ ಮಗ್ಗುಲಿಗೆ ಹಾಕಿ. ಹೀಲಿನ ಬೆನ್ನಿಗೆ ಹಾಕಿದರೆ ಗಿಟಾರ್ ಮುಂದಕ್ಕೆ ಮುಗ್ಗರಿಸುತ್ತದೆ. ಗಿಟಾರಿನ ಮೈಯ ಪಕ್ಕದ ಹಲಗೆಗಂತೂ ಎಂದೂ ಹಾಕಬೇಡಿ. ಅದು ಬರೀ 2 ಮಿ.ಮೀ. ಆಸುಪಾಸಿನ ದಪ್ಪ, ಸ್ಕ್ರೂ ಕಿತ್ತುಬರುವಾಗ ಹಲಗೆಯನ್ನೂ ಸೀಳಿಕೊಂಡು ಬರುತ್ತದೆ.

ಕೆಲಸ ಹೀಗೆ: 3.5 ಮಿ.ಮೀ. ದಪ್ಪ, 25 ಮಿ.ಮೀ. ಉದ್ದದ ಸ್ಕ್ರೂ ತಗೊಳ್ಳಿ. 2.5 ಮಿ.ಮೀ. ಡ್ರಿಲ್ ಬಿಟ್ಟಿಗೆ ತುದಿಯಿಂದ 20 ಮಿ.ಮೀ. ದೂರದಲ್ಲಿ ಟೇಪು ಸುತ್ತಿ ಆಳದ ಗುರುತು ಮಾಡಿ, ಅಲ್ಲಿಯವರೆಗೆ ಮಾತ್ರ ನೇರವಾಗಿ ತೂತು ಕೊರೆಯಿರಿ. ಸ್ಕ್ರೂವಿನ ಸುತ್ತಿಗೆ ಮೇಣದ ಬತ್ತಿ ಉಜ್ಜಿ. ಸೋಪು ಬೇಡ, ಅದು ತೇವ ಹೀರಿ ತುಕ್ಕು ಹಿಡಿಸುತ್ತದೆ. ನಮ್ಮ ಉಪ್ಪುಗಾಳಿಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಾಳುತ್ತದೆ, ಮಂಗಳೂರಿನ ಬಂದರು ಪ್ರದೇಶದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುತ್ತದೆ. ಗುಂಡಿ ಮತ್ತು ಮರದ ನಡುವೆ ಉಣ್ಣೆಬಟ್ಟೆಯ ವಾಶರ್ ಇಡಿ. ಕೈಯಿಂದಲೇ ಬಿಗಿ ಮಾಡಿ, ಮೆಷಿನ್ ಬಳಸಬೇಡಿ.

ಎಚ್ಚರಿಕೆ: ಕೆಲವು ಗಿಟಾರುಗಳ ಹೀಲಿನೊಳಗೆ ಕತ್ತನ್ನು ಹಿಡಿದಿಡುವ ಬೋಲ್ಟುಗಳಿರುತ್ತವೆ. ನಿಮ್ಮದರಲ್ಲಿ ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಡ್ರಿಲ್ ಮುಟ್ಟದೆ ವಾದ್ಯ ರಿಪೇರಿ ಮಾಡುವವರ ಕೈಗೆ ಕೊಡಿ. ಗ್ಯಾರಂಟಿ ಅವಧಿಯಲ್ಲಿರುವ ಗಿಟಾರನ್ನು ಕೊರೆದರೆ ಗ್ಯಾರಂಟಿ ಹೋಗಬಹುದು, ಮೊದಲು ಕೇಳಿಕೊಳ್ಳಿ.

ಇದ್ದ ಗುಂಡಿ ಸಡಿಲವಾಗಿ ತಿರುಗುತ್ತಿದೆಯೇ? ಸ್ಕ್ರೂ ತೆಗೆದು, ತಲೆಯ ಮದ್ದು ಮುರಿದ ಎರಡು ಮೂರು ಬೆಂಕಿಕಡ್ಡಿಗಳನ್ನು ಫೆವಿಕಾಲಿನಲ್ಲಿ ಅದ್ದಿ ತೂತಿಗೆ ತುಂಬಿ, ಹೊರಗೆ ಉಳಿದದ್ದನ್ನು ಕತ್ತರಿಸಿ. ಬೇಸಿಗೆಯಲ್ಲಿ ಒಂದು ದಿನ ಸಾಕು, ಆಟಿಯ (ಜುಲೈ–ಆಗಸ್ಟಿನ ತುಳು ತಿಂಗಳು) ಮಳೆಯಲ್ಲಿ ಎರಡು ದಿನ ಒಣಗಲು ಬಿಟ್ಟು ಮತ್ತೆ ಸ್ಕ್ರೂ ಹಾಕಿ.

ಹಂತ 2: ಬೆಲ್ಟಿನ ಉದ್ದ ಕೂತೇ ಗೊತ್ತು ಮಾಡಿ

ಇಡೀ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಹಂತ ಇಲ್ಲ. ಹೆಚ್ಚಿನವರು ನಿಂತುಕೊಂಡು, ಕನ್ನಡಿ ನೋಡಿ, ಚೆಂದ ಕಾಣುವಷ್ಟಕ್ಕೆ ಬೆಲ್ಟ್ ಇಳಿಸುತ್ತಾರೆ. ತೊಂದರೆ ಅಲ್ಲಿಂದಲೇ ಶುರು.

ಕೈ ಇಲ್ಲದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರಿ. ಗಿಟಾರನ್ನು ನೀವು ದಿನಾ ಇಟ್ಟುಕೊಳ್ಳುವಂತೆಯೇ ಇಟ್ಟುಕೊಳ್ಳಿ. ಬೆಲ್ಟ್ ಬಲ ಕಂಕುಳಿನ ಕೆಳಗಿನಿಂದ ಬೆನ್ನಿನ ಮೇಲೆ ಹಾದು ಎಡ ಹೆಗಲ ಮೇಲಿಂದ ಬರಬೇಕು. ತಿರುಚಿಕೊಂಡಿದೆಯೇ ನೋಡಿ, ತಿರುಚಿದ ಬೆಲ್ಟ್ ನುಡಿಸುವಾಗ ಗುಂಡಿಯಿಂದ ಬಿಡಿಸಿಕೊಳ್ಳುತ್ತದೆ. ಈಗ ಬೆಲ್ಟ್ ಹೆಗಲ ಮೇಲೆ ಸಡಿಲವಿಲ್ಲದೆ, ಬಿಗಿಯೂ ಇಲ್ಲದೆ ತಾಗುವಷ್ಟಕ್ಕೆ ಬಕಲ್ ಎಳೆಯಿರಿ. ಗಿಟಾರ್ ಇನ್ನೂ ತೊಡೆಯ ಮೇಲೆಯೇ ಇರಲಿ.

ಹಾಗೆಯೇ ಎದ್ದು ನಿಲ್ಲಿ. ಗಿಟಾರ್ ಒಂದೆರಡು ಸೆಂ.ಮೀ. ಇಳಿದರೆ ಅಡ್ಡಿಯಿಲ್ಲ. ಒಂದು ಗೇಣು ಇಳಿದರೆ ಬೆಲ್ಟ್ ಉದ್ದವಾಗಿದೆ, ಮತ್ತೆ ಕೂತು ಸರಿಮಾಡಿ. ಸರಿಯಾದ ಎತ್ತರದಲ್ಲಿ ಬ್ರಿಡ್ಜ್ (ತಂತಿಗಳ ಬುಡ ಕೂರುವ ಮರದ ತುಂಡು) ಹೊಕ್ಕುಳಿನ ಆಸುಪಾಸಿನಲ್ಲಿರುತ್ತದೆ, ಹೆಡ್‌ಸ್ಟಾಕ್ ಹೆಗಲಿನ ಮಟ್ಟಕ್ಕೆ ಬರುತ್ತದೆ. ಸಿಕ್ಕಿದ ಅಳತೆಗೆ ಬೆಲ್ಟಿನ ಒಳಬದಿಯಲ್ಲಿ ಮಾರ್ಕರಿನಿಂದ ಗೆರೆ ಎಳೆಯಿರಿ. ಬಕಲ್ ಸರಿದರೂ ಗುರುತು ಉಳಿಯುತ್ತದೆ.

ದೊಡ್ಡ ಗಾಯಕರು ಗಿಟಾರನ್ನು ಮೊಣಕಾಲಿನ ತನಕ ಇಳಿಬಿಟ್ಟು ನುಡಿಸುವುದನ್ನು ನೀವು ನೋಡಿರುತ್ತೀರಿ. ಅಷ್ಟು ಕೆಳಗೆ ಹೋದಾಗ ಎಡ ಮಣಿಕಟ್ಟು ಮಡಚಿಕೊಂಡೇ ಇರಬೇಕಾಗುತ್ತದೆ. ಮಡಚಿದ ಮಣಿಕಟ್ಟಿನಲ್ಲಿ ಬೆರಳಿನ ಬಲವೂ ಕಮ್ಮಿ, ನೋವೂ ಬೇಗ. ಕಲಿಯುವವರಿಗೆ ಅದು ಮಾದರಿಯಲ್ಲ.

ಹಂತ 3: ಕೈಬಿಟ್ಟು ಪರೀಕ್ಷೆ

ಪಾದಗಳ ನಡುವೆ ಹೆಗಲಿನಷ್ಟು ಅಂತರ ಇಟ್ಟು ನಿಲ್ಲಿ. ಮೊಣಕಾಲುಗಳನ್ನು ಹಿಂದಕ್ಕೆ ಸೆಟೆಸಬೇಡಿ. ಗಿಟಾರಿನ ಕೆಳಗೆ ಕೈ ಹತ್ತಿರವೇ ಇಟ್ಟುಕೊಂಡು, ಎರಡೂ ಕೈಗಳನ್ನು ನಿಧಾನವಾಗಿ ಬಿಡಿ. ಗಿಟಾರ್ ಇದ್ದಲ್ಲೇ, ಹೆಡ್‌ಸ್ಟಾಕ್ ಮೇಲೆ ಓರೆಯಾಗಿ ನಿಂತರೆ ಮುಂದಿನ ಹಂತಕ್ಕೆ ಹೋಗಿ.

ಕತ್ತು ನೆಲದ ಕಡೆ ವಾಲಿದರೆ ಅದನ್ನು ನೆಕ್ ಡೈವ್ ಎನ್ನುತ್ತಾರೆ. ಮೈ ಹಗುರ, ಕತ್ತು ಭಾರ ಇರುವ ಗಿಟಾರುಗಳಲ್ಲಿ, ಎಸ್‌ಜಿ ಮಾದರಿಯಲ್ಲಿ ಮತ್ತು ಹಲವು ಬೇಸ್ ಗಿಟಾರುಗಳಲ್ಲಿ ಇದು ಸಾಮಾನ್ಯ. ಮೊದಲ ಮದ್ದು ಒರಟು ಮೈಯ ಅಗಲ ಬೆಲ್ಟ್, ಒಳಬದಿ ಸ್ವೇಡ್ ಚರ್ಮ ಅಥವಾ ಹತ್ತಿ ಇರುವಂಥದ್ದು. ಅದು ಅಂಗಿಯನ್ನು ಕಚ್ಚಿ ಹಿಡಿದು ಜಾರದಂತೆ ತಡೆಯುತ್ತದೆ. ಎರಡನೆಯದು ಬೆಲ್ಟನ್ನು ಒಂದು ತೂತಿನಷ್ಟು ಗಿಡ್ಡ ಮಾಡುವುದು. ಎಡಗೈಯಿಂದ ಎತ್ತಿ ಹಿಡಿದು ಸುಧಾರಿಸುತ್ತೇನೆ ಎಂದು ಮಾತ್ರ ಹೊರಡಬೇಡಿ, ಕಾರ್ಡ್ ಬದಲಾವಣೆ ಎಂದಿಗೂ ವೇಗ ಹಿಡಿಯುವುದಿಲ್ಲ.

ಮುಂದಿನ ಹಲಗೆ ಆಕಾಶ ನೋಡುವಂತೆ ಮಗುಚಿದರೆ ಬೆಲ್ಟ್ ತೀರಾ ಉದ್ದವಾಗಿರಬಹುದು, ಅಥವಾ ಗಿಟಾರಿನ ಬುಡ ಹೊಟ್ಟೆಯ ನಡುಮಧ್ಯದಲ್ಲಿ ಕೂತಿರಬಹುದು. ಅದನ್ನು ಸ್ವಲ್ಪ ಬಲಕ್ಕೆ, ಸೊಂಟದ ಎಲುಬಿನ ಕಡೆ ಸರಿಸಿ.

ಹಂತ 4: ಬಲಗೈ

ಮುಂಗೈಯನ್ನು ಗಿಟಾರಿನ ಮೈಯ ಮೇಲಂಚಿಗೆ ಒರಗಿಸಿ, ಮೊಣಕೈ ಸುಮಾರು 90 ಡಿಗ್ರಿ ಮಡಚಿರಲಿ. ಬೆಲ್ಟ್ ಉದ್ದವಾದರೆ ಕೈ ನೇರವಾಗಿ ಕೆಳಗಿಳಿದು ಪಿಕ್ (ತಂತಿ ಮೀಟುವ ಸಣ್ಣ ಬಿಲ್ಲೆ) ಕತ್ತಿನ ಕಡೆ ಸರಿಯುತ್ತದೆ, ಸ್ವರ ಮಂಕಾಗುತ್ತದೆ. ಗಿಡ್ಡವಾದರೆ ಮಣಿಕಟ್ಟು ಕೊಕ್ಕೆಯಾಗಿ ಸ್ಟ್ರಮ್ಮಿಂಗ್ (ತಂತಿಗಳನ್ನೆಲ್ಲ ಒಟ್ಟಿಗೆ ಮೀಟುವುದು) ಬಿಗಿಯಾಗುತ್ತದೆ. ಅಂದರೆ ಸ್ವರ ಕೇಳಿಯೇ ಬೆಲ್ಟಿನ ತಪ್ಪನ್ನು ಕಂಡುಹಿಡಿಯಬಹುದು.

41 ಇಂಚಿನ ದೊಡ್ಡ ಡ್ರೆಡ್‌ನಾಟ್ (ಅಗಲ ಮೈಯ ಅಕೌಸ್ಟಿಕ್ ಗಿಟಾರ್) ಹಿಡಿದ ಸಣ್ಣ ಮೈಕಟ್ಟಿನವರಿಗೆ ಮೈಯ ಆಳದಿಂದಾಗಿ ಬಲ ಹೆಗಲು ಕಿವಿಯ ಹತ್ತಿರಕ್ಕೆ ಏರುತ್ತದೆ. ಆಗ ಗಿಟಾರಿನ ಬುಡವನ್ನು ಸ್ವಲ್ಪ ಹಿಂದಕ್ಕೆ, ಹೆಡ್‌ಸ್ಟಾಕನ್ನು ಅಷ್ಟೇ ಮುಂದಕ್ಕೆ ತಿರುಗಿಸಿ. ಕತ್ತು ನಿಮ್ಮ ಎದೆಗೆ ಸಮಾಂತರ ಇರಲೇಬೇಕೆಂದಿಲ್ಲ. ಹತ್ತು ಹನ್ನೆರಡು ವರ್ಷದ ಮಕ್ಕಳನ್ನು ನಿಲ್ಲಿಸಿ ನುಡಿಸುವುದಾದರೆ 36 ಅಥವಾ 38 ಇಂಚಿನ ಗಿಟಾರ್ ಕೊಡಿಸಿ. ಮುಂದೆ ಬೆಳೆಯುತ್ತಾರೆ ಎಂದು ದೊಡ್ಡದನ್ನೇ ಹೊರಿಸುವುದು ಸರಿಯಲ್ಲ.

ಹಂತ 5: ಎಡಗೈ ಮತ್ತು ಕಣ್ಣು

ಕೂತಾಗ ತಲೆ ಬಗ್ಗಿಸಿ ಫ್ರೆಟ್‌ಬೋರ್ಡ್ ನೋಡುವ ಅಭ್ಯಾಸ ಎಲ್ಲರಿಗೂ ಇರುತ್ತದೆ. ನಿಂತಾಗ ಅದು ಕಾಣುವುದಿಲ್ಲ, ಕಾಣಬಾರದು ಕೂಡ. ಕಾಣಲಿ ಎಂದು ಗಿಟಾರನ್ನು ಮೇಲ್ಮುಖ ಮಾಡಿದ ತಕ್ಷಣ ಎಡ ಮಣಿಕಟ್ಟು ಇನ್ನಷ್ಟು ಸುತ್ತಿಕೊಳ್ಳಬೇಕಾಗುತ್ತದೆ, ಬೆರಳು ಪಕ್ಕದ ತಂತಿಗೆ ತಾಗಿ ಕಾರ್ಡ್ ಕೆಡುತ್ತದೆ. ಕತ್ತಿನ ಮೇಲಂಚಿನಲ್ಲಿರುವ ಸಣ್ಣ ಚುಕ್ಕೆಗಳನ್ನು ನಂಬಿ. ಸಾಮಾನ್ಯವಾಗಿ 3, 5, 7, 9 ಮತ್ತು 12ನೇ ಫ್ರೆಟ್‌ಗಳ ಬಳಿ ಅವು ಇರುತ್ತವೆ. ಇಲ್ಲದಿದ್ದರೆ ಬಿಳಿ ಬಣ್ಣದ ಚುಕ್ಕೆ ನೀವೇ ಇಟ್ಟುಕೊಳ್ಳಿ.

ಕ್ಯಾಮೆರಾವನ್ನು ನಿಮ್ಮ ಎಡಬದಿಗೆ ಇಟ್ಟು ಒಂದು ನಿಮಿಷ ಚಿತ್ರೀಕರಿಸಿ. ಮುಂಗೈಯಿಂದ ಹಸ್ತದವರೆಗೆ ಹೆಚ್ಚುಕಡಿಮೆ ನೇರ ಗೆರೆ ಕಾಣಬೇಕು. ಮೊಣಕೈ ಪಕ್ಕೆಗೆ ಅಂಟಿರಬಾರದು, ರೆಕ್ಕೆಯಂತೆ ಮೇಲೆದ್ದಿರಲೂಬಾರದು.

ನಿಂತಾಗ ಎಲ್ಲರಿಗೂ ಕಷ್ಟವಾಗುವುದು ಎಫ್ ಕಾರ್ಡ್ ಮತ್ತು ಅದರ ಬಳಗದ ಬಾರ್ ಕಾರ್ಡ್‌ಗಳು, ಅಂದರೆ ತೋರುಬೆರಳನ್ನು ಎಲ್ಲ ತಂತಿಗಳ ಮೇಲೆ ಅಡ್ಡ ಹಾಕಿ ಒತ್ತುವವು. ಹೆಬ್ಬೆರಳಿನಿಂದ ಇಕ್ಕಳದಂತೆ ಹಿಂಡಬೇಡಿ. ಬಲ ಮುಂಗೈಯಿಂದ ಗಿಟಾರಿನ ಮೈಯನ್ನು ಪಕ್ಕೆಲುಬಿನ ಕಡೆಗೆ ಸ್ವಲ್ಪವೇ ಒತ್ತಿ. ಕತ್ತು ತಾನಾಗಿ ಮುಂದಕ್ಕೆ ಬರಲು ನೋಡುತ್ತದೆ, ಎಡಗೈಯ ತೂಕ ಅದನ್ನು ಹಿಂದಕ್ಕೆ ಎಳೆಯುತ್ತದೆ. ಈ ಎರಡು ಬಲಗಳ ನಡುವೆ ತಂತಿ ಸಿಕ್ಕಿಕೊಳ್ಳುವುದರಿಂದ ಹೆಬ್ಬೆರಳಿನ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಮಣಿಕಟ್ಟು ನೋಯದೆ ಒಂದು ಇಡೀ ಭಕ್ತಿಗೀತೆ ಮುಗಿಸಲು ಸಾಧ್ಯವಾಗುವುದು ಈ ಉಪಾಯದಿಂದ.

ಇಷ್ಟು ಮಾಡಿಯೂ ಎಫ್ ಬರದಿದ್ದರೆ, ಅದೂ ಜುಲೈ, ಆಗಸ್ಟಿನಲ್ಲಿ, ನಿಮ್ಮ ಕೈಯನ್ನಷ್ಟೇ ದೂರಬೇಡಿ. ಗಿಟಾರಿನ ಮರಕ್ಕೆ ಗಾಳಿಯಲ್ಲಿ ಶೇ. 45ರಿಂದ 55 ತೇವಾಂಶ ಹಿತ. ಇಲ್ಲಿ ಮಳೆಗಾಲದಲ್ಲಿ ಮನೆಯೊಳಗೂ ಅದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಮೇಲಿನ ಹಲಗೆ ಉಬ್ಬಿ ಬ್ರಿಡ್ಜ್ ಮೇಲೇಳುತ್ತದೆ, ಆಕ್ಷನ್ (ತಂತಿ ಮತ್ತು ಫ್ರೆಟ್ ನಡುವಿನ ಅಂತರ) ಹೆಚ್ಚುತ್ತದೆ. 12ನೇ ಫ್ರೆಟ್ಟಿನಲ್ಲಿ ದಪ್ಪ ತಂತಿಯ ಕೆಳಗೆ ಅಂತರ 3 ಮಿ.ಮೀ. ದಾಟಿದ್ದರೆ ಯಾರಿಗೇ ಆದರೂ ಒತ್ತುವುದು ಕಷ್ಟ. ಗಟ್ಟಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಹಾಕಿ ಇಡಿ, ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಬಳಸಿ. ಗೋಡೆಗೆ, ಅದರಲ್ಲೂ ಮಳೆಯ ಎರಚಲು ಬೀಳುವ ಹೊರಗೋಡೆಗೆ, ಗಿಟಾರ್ ತೂಗುಹಾಕಬೇಡಿ.

ಹಂತ 6: ಅಭ್ಯಾಸದ ಕ್ರಮ

ಮೊದಲ ವಾರ ದಿನಾ ಐದೈದು ನಿಮಿಷ, ಎರಡು ಸಲ ಮಾತ್ರ ನಿಲ್ಲಿ. ಇ ಮೈನರ್, ಜಿ, ಸಿ, ಡಿ ಸಾಕು. ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ನಾಲ್ಕು ಬಡಿತಕ್ಕೊಂದು ಕಾರ್ಡ್. ಕಣ್ಣು ಎದುರಿನ ಗೋಡೆಯ ಮೇಲಿರಲಿ. ತಪ್ಪಿದರೂ ಕೆಳಗೆ ನೋಡದೆ ಬೆರಳಿನಿಂದಲೇ ತಡಕಿ ಸರಿಮಾಡಿ. ಈ ವಾರದ ಗುರಿ ಆ ತಡಕಾಟವೇ.

ಎರಡನೇ ವಾರ 72 ಬಡಿತಕ್ಕೆ ಏರಿಸಿ, ಹತ್ತು ನಿಮಿಷ ನಿಲ್ಲಿ. ಮೂರನೇ ವಾರ ಬಾರ್ ಕಾರ್ಡ್ ಸೇರಿಸಿ. ನಾಲ್ಕನೆಯದರಲ್ಲಿ ಹಾಡಿಕೊಂಡು ನುಡಿಸಿ. ಹಾಡುವಾಗ ಎದೆ ಉಬ್ಬುತ್ತದೆ, ಗಿಟಾರ್ ಅಲುಗುತ್ತದೆ, ಅದಕ್ಕೆ ಕೈ ಹೊಂದಿಕೊಳ್ಳಲು ಸಮಯ ಬೇಕು. ಸಾಲದೆ ಬಂದರೆ ವಾರಗಳನ್ನು ಹಿಗ್ಗಿಸಿ. ಕಾರ್ಯಕ್ರಮ ಹತ್ತಿರವಿದ್ದರೆ ಕೊನೆಯ ಹತ್ತು ದಿನ ಪೂರ್ತಿ ನಿಂತೇ ಅಭ್ಯಾಸ ಮಾಡಿ, ಅವತ್ತು ಹಾಕುವ ಬಟ್ಟೆಯಲ್ಲೇ. ಜಾರುವ ರೇಷ್ಮೆ ಅಂಗಿ, ಸೀರೆಯ ಸೆರಗಿನ ಪಿನ್ನು, ದಪ್ಪ ಕೋಟು, ಇವೆಲ್ಲ ಬೆಲ್ಟಿನ ವರ್ತನೆಯನ್ನು ಬದಲಿಸುತ್ತವೆ.

ಎಡ ಹೆಗಲಿನಲ್ಲಿ ಸ್ವಲ್ಪ ಆಯಾಸ ಸಹಜ. ಆದರೆ ಬೆರಳು ಮರಗಟ್ಟಿದರೆ, ಜುಮ್ಮೆಂದರೆ, ಮಣಿಕಟ್ಟಿನಲ್ಲಿ ಚುಚ್ಚುವ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ. ಎರಡು ದಿನ ಬಿಟ್ಟರೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ. ನೋವು ನುಂಗಿ ನುಡಿಸಿದರೆ ತಿಂಗಳುಗಟ್ಟಲೆ ಗಿಟಾರ್ ಮುಟ್ಟದೆ ಕೂರಬೇಕಾದೀತು.

ಹಂತ 7: ವೇದಿಕೆ

ಕೇಬಲನ್ನು ನೇರವಾಗಿ ಜ್ಯಾಕಿಗೆ (ಗಿಟಾರಿನಲ್ಲಿ ಕೇಬಲ್ ಸಿಕ್ಕಿಸುವ ತೂತು) ಚುಚ್ಚಬೇಡಿ. ಮೊದಲು ಬೆಲ್ಟ್ ಮತ್ತು ಗಿಟಾರಿನ ನಡುವೆ ತೂರಿಸಿ, ಒಂದು ಸುತ್ತು ಸಡಿಲ ಬಿಟ್ಟು ಆಮೇಲೆ ಸಿಕ್ಕಿಸಿ. ಯಾರಾದರೂ ಕೇಬಲ್ ತುಳಿದರೆ ಎಳೆತ ಬೆಲ್ಟಿಗೆ ಹೋಗುತ್ತದೆ, ಜ್ಯಾಕ್ ಉಳಿಯುತ್ತದೆ. ಬೆಲ್ಟ್ ಕಳಚದಂತೆ ಸ್ಟ್ರ್ಯಾಪ್ ಲಾಕ್ ಸಿಗುತ್ತದೆ. ಅದಿಲ್ಲದಿದ್ದರೆ ಗುಂಡಿಯ ಮೇಲೆ ಬಿಗಿಯಾಗಿ ಕೂರುವ ರಬ್ಬರ್ ವಾಶರ್ ಒಂದನ್ನು ಬೆಲ್ಟಿನ ಮೇಲಿಂದ ಹಾಕಿದರೂ ನಡೆಯುತ್ತದೆ. ಮೈಕನ್ನು ನಿಮ್ಮ ಬಾಯಿಯ ಎತ್ತರಕ್ಕೆ ತನ್ನಿ. ನೀವು ಮೈಕಿಗೆ ಬಾಗಿದರೆ ಗಿಟಾರೂ ಬಾಗುತ್ತದೆ, ಹಂತ 2ರಲ್ಲಿ ಮಾಡಿದ ಅಳತೆಯೆಲ್ಲ ವ್ಯರ್ಥ.

ಈಗ ಜೀವದ ಪ್ರಶ್ನೆ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಸಾಮಾನ್ಯವಾಗಿ ಕೇಬಲ್ ಮೂಲಕ ಆಂಪ್ಲಿಫೈಯರಿನ ಅರ್ತಿಂಗಿಗೆ ಜೋಡಿಸಿರುತ್ತವೆ. ಆಂಪ್ಲಿಫೈಯರಿಗೆ ಅಥವಾ ಮೈಕಿನ ಮಿಕ್ಸರಿಗೆ ಅರ್ತಿಂಗ್ ಸರಿಯಿಲ್ಲದಿದ್ದರೆ, ತಂತಿಯ ಮೇಲೆ ಕೈಯಿಟ್ಟು ಮೈಕಿಗೆ ತುಟಿ ತಾಗಿಸಿದಾಗ ವಿದ್ಯುತ್ ನಿಮ್ಮ ಮೈಯ ಮೂಲಕ ಹರಿಯುತ್ತದೆ. ದೇವಸ್ಥಾನದ ವಠಾರದ ವೇದಿಕೆಯಲ್ಲಿ ಬರಿಗಾಲಿನಲ್ಲೇ ನಿಲ್ಲುತ್ತೇವೆ, ಮಳೆಗಾಲದ ಚಪ್ಪರದಲ್ಲಿ ನೆಲವೂ ಒದ್ದೆ. ಅಪಾಯ ಆಗ ಇನ್ನೂ ಹೆಚ್ಚು. ಹೀಗೆ ಮಾಡಿ:

1. ಎಲ್ಲ ಉಪಕರಣಗಳೂ ಮೂರು ಪಿನ್ನಿನ ಪ್ಲಗ್ಗಿನಲ್ಲಿ, ಸಾಧ್ಯವಾದಷ್ಟು ಒಂದೇ ಬೋರ್ಡಿನಿಂದ ಸಂಪರ್ಕ ಪಡೆಯಲಿ. ಅರ್ತ್ ಪಿನ್ ಮುರಿದ ಪ್ಲಗ್ ಕಂಡರೆ ಬದಲಿಸಲು ಹೇಳಿ.
2. ಸೌಂಡಿನವರ ಮಲ್ಟಿಮೀಟರನ್ನು ಎ.ಸಿ. ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಗಿಟಾರ್ ತಂತಿಗೆ, ಇನ್ನೊಂದನ್ನು ಮೈಕಿನ ಜಾಳಿಗೆಗೆ ತಾಗಿಸಲು ಹೇಳಿ. ಸೊನ್ನೆಯ ಹತ್ತಿರ ಇರಬೇಕು. ಕೆಲವು ವೋಲ್ಟ್ ಮೀರಿ ತೋರಿಸಿದರೆ, ಸರಿಯಾಗುವ ತನಕ ಗಿಟಾರ್ ಹಾಕಿಕೊಳ್ಳಬೇಡಿ.
3. ಮೈಕಿಗೆ ಸ್ಪಂಜಿನ ಟೊಪ್ಪಿ ಹಾಕಿಸಿ. ಕಾಲಿನ ಕೆಳಗೆ ಒಣ ರಬ್ಬರ್ ಮ್ಯಾಟ್ ಇರಲಿ, ಚಪ್ಪಲಿ ಹಾಕಬಹುದಾದ ಕಡೆ ರಬ್ಬರ್ ಅಟ್ಟೆಯದ್ದು ಹಾಕಿ.
4. ನಡುವೆ ಕರೆಂಟ್ ಹೋಗಿ ಜನರೇಟರ್ ಹತ್ತಿಸಿದರೆ ಅರ್ತಿಂಗ್ ಸ್ಥಿತಿ ಬದಲಾಗಿರಬಹುದು. ಎರಡನೆಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ.

ಕಾರ್ಯಕ್ರಮ ಮುಗಿದ ಮೇಲೆ ಗಿಟಾರ್ ಇಳಿಸುವಾಗ ಮೊದಲು ಎಡಗೈಯಿಂದ ಕತ್ತು ಹಿಡಿದು, ಆಮೇಲೆ ಬೆಲ್ಟನ್ನು ತಲೆಯ ಮೇಲಿಂದ ತೆಗೆಯಿರಿ. ಬೆವರಿದ ಬೆಲ್ಟನ್ನು ಗಿಟಾರಿನ ಜತೆಗೇ ಬ್ಯಾಗಿಗೆ ತುರುಕಬೇಡಿ. ತಂತಿಗಳನ್ನು ಒಣ ಬಟ್ಟೆಯಿಂದ ಮೇಲೆ ಕೆಳಗೆ ಒರೆಸಿ, ಬೆಲ್ಟನ್ನು ಕಳಚಿ ಫ್ಯಾನಿನ ಕೆಳಗೆ ರಾತ್ರಿಯಿಡೀ ತೂಗುಹಾಕಿ.